ಮಾವನನ್ನು ನಿಲ್ಲಿಸಿದ ಕಲ್ಲು

ಮನುಷ್ಯರನ್ನು ಮಾಡುವುದು ನನಗೆ ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಇಷ್ಟು ಓದಿ ನನ್ನನ್ನು ಬ್ರಹ್ಮನ ತಮ್ಮನೆಂದು ತಿಳಿಯಬೇಡಿ. ನಾನು ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರು. ಹಲ್ಲುನೋವಿನವರು ಬಾರದ ಹೊತ್ತಿನಲ್ಲಿ, ಅಂದರೆ ದಿನದ ಹೆಚ್ಚಿನ ಹೊತ್ತಿನಲ್ಲಿ, ಬೆರಳುದ್ದದ ಮನುಷ್ಯರನ್ನು ಮಾಡಿ ಬಣ್ಣ ಹಚ್ಚುತ್ತ ಕೂರುತ್ತೇನೆ. ಈ ಚಟಕ್ಕೆ ನನ್ನ ಕಾಲೇಜೇ ಕಾರಣ. ಅಲ್ಲಿ ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ. ನಾನು ಕೆತ್ತಿದ ದವಡೆಹಲ್ಲನ್ನು ನೋಡಿ ನಮ್ಮ ಮೇಷ್ಟ್ರು ಇದು ಮುಸುಕು ಹೊದ್ದು ಕೂತ ಮುದುಕಿಯ ಹಾಗಿದೆ ಎಂದರು. ಅವರು ಬೈದದ್ದು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮುದುಕಿಯನ್ನೇ ಪೂರ್ತಿ ಮಾಡಿ ಮುಗಿಸಿದೆ.

ನನ್ನ ಮನುಷ್ಯರೆಲ್ಲ ಹುಟ್ಟುವುದು ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಗುಲಾಬಿ ಪುಡಿಯಲ್ಲಿ. ಬಣ್ಣ ಬೀಳುವ ತನಕ ಗೌಡರೂ, ಆಟೋದವರೂ, ಮೆಣಸಿನಕಾಯಿ ಭಜಿ ಕರಿಯುವವಳೂ ಒಂದೇ ಒಸಡಿನ ಬಣ್ಣ. ಆಮೇಲೆ ಒಬ್ಬನಿಗೆ ರುಮಾಲು, ಒಬ್ಬನಿಗೆ ಖಾಕಿ ಅಂಗಿ, ಒಬ್ಬಳಿಗೆ ಇಳಕಲ್ ಸೀರೆ ಎಂದು ನಾನೇ ಭೇದ ಮಾಡುತ್ತೇನೆ. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ.

ತಕರಾರು ಶುರುವಾಗುವುದು ಕಾಲ ಕೆಳಗೆ. ಬೆರಳುದ್ದದ ಮನುಷ್ಯ ತಾನಾಗಿ ನಿಲ್ಲುವುದಿಲ್ಲ. ಫ್ಯಾನು ಹಾಕಿದರೆ ಬೀಳುತ್ತಾನೆ, ಹೊರಗೆ ಭತ್ತದ ಲಾರಿ ಹೋದರೂ ಬೀಳುತ್ತಾನೆ. ಅವನ ಕಾಲಿಗೊಂದು ಪೀಠ ಅಂಟಿಸಬೇಕು. ಈ ಪೀಠದ ವಿಷಯದಲ್ಲಿ ಪರದೇಶದ ಹವ್ಯಾಸಿಗಳು ಮಹಾ ಪಂಡಿತರು. ಮೊಬೈಲಿನಲ್ಲಿ ಅವರ ವಿಡಿಯೋ ನೋಡುತ್ತೇನೆ. ಅವರ ಸೈನಿಕರ ಕಾಲ ಕೆಳಗೆ ಮುರಿದ ಇಟ್ಟಿಗೆ, ಒಣಗಿದ ಪಾಚಿ, ಹೊಸದಾಗಿ ಬಿದ್ದ ಹಿಮ ಎಲ್ಲ ಇರುತ್ತದೆ. ನಾನೂ ಹುರುಪಿನಿಂದ ಒಮ್ಮೆ ಹಲ್ಲಿನ ಅಚ್ಚಿನ ಬಿಳಿ ಪುಡಿ ಉದುರಿಸಿ ಹಿಮ ಮಾಡಿದೆ. ಅದರ ಮೇಲೆ ನಿಲ್ಲಿಸಲು ನನ್ನ ಬಳಿ ಇದ್ದವನು ಪಾಮನಕಲ್ಲೂರಿನ ಆಟೋದವನೊಬ್ಬನೇ. ಪಾಪ, ಹಿಟ್ಟಿನ ಗಿರಣಿಯಲ್ಲಿ ಜಾರಿ ಬಿದ್ದೆದ್ದವನ ಹಾಗೆ ಕಂಡ.

ಆಮೇಲೆ ಸಿಕ್ಕಿದ್ದರ ಮೇಲೆಲ್ಲ ನಿಲ್ಲಿಸಿ ನೋಡಿದೆ. ಕೆಮ್ಮಿನ ಔಷಧಿಯ ಮುಚ್ಚಳದ ಮೇಲೆ ನಿಂತವನು ಯಾವಾಗಲೂ ಏನೋ ಕಳೆದುಕೊಂಡವನಂತೆ ಕಾಣುತ್ತಾನೆ. ದಾರದ ರೀಲಿನ ಮೇಲೆ ನಿಂತವನು ಸರ್ಕಸ್ಸಿನ ಹುಲಿ. ಕೇರಂ ಸ್ಟ್ರೈಕರ್ ಚೆನ್ನಾಗಿಯೇ ಇತ್ತು, ಆದರೆ ನೋಡಿದವರ ಬೆರಳೆಲ್ಲ ಮನುಷ್ಯನನ್ನು ಹೊಡೆಯಲು ತುರಿಸುತ್ತಿದ್ದವು. ಪೀಠ ದೊಡ್ಡದಾದರೆ ಇನ್ನೂ ಕಷ್ಟ. ಹೊಸದಾಗಿ ಅಧ್ಯಕ್ಷರಾದವರು ಹಳೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಾಗ ಕುರ್ಚಿಯೇ ಹೆಚ್ಚು ಕಾಣುತ್ತದಲ್ಲ, ಹಾಗಾಗುತ್ತದೆ.

ನಮ್ಮ ಸೀಮೆಯ ಜನಕ್ಕೆ ಪೀಠದ ಮೇಲಿರುವ ಪ್ರೀತಿ ಮೂರ್ತಿಯ ಮೇಲಿಲ್ಲ ಎಂಬುದು ನನ್ನ ಸಂಶೋಧನೆ. ಯಾವ ಊರೆಂದು ಹೇಳಿ ಹೊಡೆತ ತಿನ್ನಲು ನಾನು ತಯಾರಿಲ್ಲ, ಆದರೆ ಸರ್ಕಲ್ಲಿನ ನಡುವೆ ಮೊದಲು ಟೈಲ್ಸು ಹಾಕಿದ ಕಟ್ಟೆ ಏಳುತ್ತದೆ. ಅದರ ಮೇಲೆ ಯಾರು ನಿಲ್ಲಬೇಕೆಂಬ ಜಗಳ ಆಮೇಲೆ. ಜಗಳ ಮುಗಿಯುವ ತನಕ ಅಲ್ಲಿ ಆಡುಗಳು ನಿಲ್ಲುತ್ತವೆ, ಹುಟ್ಟುಹಬ್ಬದ ಫ್ಲೆಕ್ಸುಗಳು ನಿಲ್ಲುತ್ತವೆ. ಅತ್ತ ಮಸ್ಕಿಯಲ್ಲಿ ನೋಡಿ, ಅಷ್ಟು ದೊಡ್ಡ ಚಕ್ರವರ್ತಿ. ಮೂರ್ತಿಯ ಗೊಡವೆಗೇ ಹೋಗಲಿಲ್ಲ. ಗುಡ್ಡದ ಬಂಡೆಯ ಮೇಲೆ ಶಾಸನ ಬರೆಸಿ, ಹೆಸರು ಕೆತ್ತಿಸಿ ಸುಮ್ಮನಾದ. ಎರಡು ಸಾವಿರ ವರ್ಷ ದಾಟಿದರೂ ಅವನ ಮೂಗು ಮುರಿಯಿತೆಂದು ಯಾರೂ ಬಂದ್ ಕರೆಯಬೇಕಾಗಿ ಬಂದಿಲ್ಲ. ಮೂಗೇ ಇಲ್ಲವಲ್ಲ.

ಈ ಪಾಂಡಿತ್ಯವೆಲ್ಲ ಕೈಕೊಟ್ಟದ್ದು ನನ್ನ ಮಾವನ ವಿಷಯದಲ್ಲಿ. ಮಾವ ಎಂದರೆ ನನ್ನ ಹೆಂಡತಿ ಗಿರಿಜಾಳ ಅಪ್ಪ. ಸಂತೆಕಲ್ಲೂರಿನವರು, ಜೋಳ ತೊಗರಿ ಬೆಳೆಯುವವರು, ಮೀಸೆಯವರು. ಅಳಿಯ ಹಲ್ಲಿನ ಡಾಕ್ಟರಾಗಿ ಸಿಂಧನೂರಿನಲ್ಲಿ ಕೂತಿದ್ದರೂ ಅವರು ಹಲ್ಲು ತೋರಿಸಲು ಹೋಗುತ್ತಿದ್ದುದು ಲಿಂಗಸುಗೂರಿಗೆ, ಇನ್ನೊಬ್ಬರ ಹತ್ತಿರ. ಅಳಿಯನ ಮುಂದೆ ಬಾಯಿ ತೆರೆಯುವುದು ಮರ್ಯಾದೆಯಲ್ಲವಂತೆ. ಇದು ಅವರು ಬಾಯಿಬಿಟ್ಟು ಹೇಳುತ್ತಿದ್ದ ಕಾರಣ. ಹೇಳದ ಕಾರಣ ನನಗೂ ಗೊತ್ತಿತ್ತು: ದೊಡ್ಡವನಾದ ಮೇಲೂ ಗೊಂಬೆ ಮಾಡುವವನ ಕೈಗೆ ಯಾರು ಬಾಯಿ ಕೊಡುತ್ತಾರೆ? ಮದುವೆ, ಸೀಮಂತಗಳಲ್ಲಿ ನೆಂಟರೆಲ್ಲ ನನ್ನ ಕಡೆ ನೋಡಿ ನಗುತ್ತಿದ್ದರು. ನನಗೆ ಇದು ತುಂಬ ನೋಯುತ್ತಿತ್ತು, ಹಲ್ಲಿಗಿಂತ ಹೆಚ್ಚು.

ಹಾಗಾಗಿ ಮಾವನನ್ನೇ ಮಾಡಿದೆ. ಒಂದು ರೀತಿಯ ಲಂಚ ಅನ್ನಿ. ಬಿಳಿ ಧೋತರ, ಕೆಂಪು ರುಮಾಲು, ದೇವರು ಕೊಟ್ಟದ್ದಕ್ಕಿಂತ ಒಂದು ನೂಲು ದಪ್ಪ ಮೀಸೆ. ಇಂಥವರನ್ನು ಮುಚ್ಚಳದ ಮೇಲೆ ನಿಲ್ಲಿಸಲು ಬರುತ್ತದೆಯೇ? ಲಿಂಗಸುಗೂರಿಗೆ ಹೋಗಿ ಗ್ರಾನೈಟ್ ಅಂಗಡಿಯ ಹಿಂದಿನ ತುಂಡುಗಳ ಗುಡ್ಡೆಯಲ್ಲಿ ಅರ್ಧ ದಿನ ಕೆದಕಿ, ಕನ್ನಡಿಯಂಥ ಕರಿಕಲ್ಲು ಆರಿಸಿ, ಅದನ್ನು ಎರಡು ಮೆಟ್ಟಿಲಾಗಿ ಕೊಯ್ಯಿಸಿ ತಂದೆ. ಹಲ್ಲಿನ ಮೇಲೆ ಕ್ಯಾಪು ಕೂರಿಸುವ ಸಿಮೆಂಟಿನಿಂದ ಮಾವನ ಪಾದಗಳನ್ನು ಅದಕ್ಕೆ ಅಂಟಿಸಿದೆ. ರೋಗಿಗಳು ಕೂರುವ ಕೋಣೆಯ ಗೋಡೆಯಲ್ಲಿ ಗೂಡೊಂದಿತ್ತು. ಅಲ್ಲಿಟ್ಟು, ಮೇಲೊಂದು ಸಣ್ಣ ಬಲ್ಬು ಹಾಕಿದೆ. ಮಾವ ಎಷ್ಟು ಚೆಂದ ಕಂಡರೆಂದರೆ ನಾನೇ ಒಂದು ಕ್ಷಣ ಎದ್ದು ನಿಂತೆ.

ಎರಡು ದಿನ ಕಳೆಯುವುದರೊಳಗೆ ಗೂಡಿನಲ್ಲಿ ಒಂದು ಚೆಂಡುಹೂವು ಕಾಣಿಸಿತು. ಆಮೇಲೆ ವಿಭೂತಿ. ಮುಕ್ಕುಂದದಿಂದ ಕೆನ್ನೆ ಊದಿಸಿಕೊಂಡು ಬಂದ ಹೆಣ್ಣುಮಗಳೊಬ್ಬಳು ಇವರು ಯಾವ ಮಠದ ಅಜ್ಜಾರು ಎಂದು ವಿಚಾರಿಸಿದಳು. ಉತ್ತರಕ್ಕೂ ಕಾಯದೆ ಕೈಮುಗಿದಳು. ಸ್ವಲ್ಪ ಹೊತ್ತಿಗೆ ಅವಳ ನೋವು ಇಳಿಯಿತು. ಅದಕ್ಕೆ ಮೊದಲು ನಾನು ಗುಳಿಗೆ ನುಂಗಿಸಿದ್ದೆ. ಆದರೆ ಗುಳಿಗೆ ನನ್ನದಾದರೂ ಹೆಸರು ಮಾವನದಾಯಿತು. ಚೀಟಿ ಬರೆಯುವ, ಹಲ್ಲು ಕೀಳುವಾಗ ರೋಗಿಯ ತಲೆ ಹಿಡಿಯುವ ನನ್ನ ಸಹಾಯಕಿ ಶಾಹೀನ್ ಬೆಳಿಗ್ಗೆ ಗೂಡು ಒರೆಸುತ್ತ ಎಚ್ಚರಿಸಿದಳು.

“ಈಗ ಹೂವ ಬರಾಕತ್ತಾವ್ರಿ ಸಾರ್. ಹಿಂಗ ಬಿಟ್ರ ಮುಂದ ಚಾದರ ಬರ್ತೈತಿ.”

ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಏಕೆಂದರೆ ರೋಗಿಗಳು ಹೆಚ್ಚಾಗಿದ್ದರು, ಮತ್ತು ಕಾಯುವಾಗ ನರಳುವುದನ್ನು ಬಿಟ್ಟಿದ್ದರು. ಮಾವ ಜೀವಮಾನದಲ್ಲಿ ಮೊದಲ ಸಲ ಅಳಿಯನ ದಂಧೆಗೆ ಹೆಗಲು ಕೊಟ್ಟಿದ್ದರು.

ಅಷ್ಟರಲ್ಲಿ ಗಿರಿಜಾ ಮನೆಯ ಬೀಗದ ಕೈ ಮರೆತು, ನನ್ನದನ್ನು ಒಯ್ಯಲು ದವಾಖಾನೆಗೆ ಬಂದಳು. ಗೂಡಿನ ಮುಂದೆ ಇಬ್ಬರು ಕಣ್ಣುಮುಚ್ಚಿ ನಿಂತಿದ್ದರು. ಅವರ ನಡುವಿನಿಂದ ತನ್ನ ಅಪ್ಪನನ್ನು ನೋಡಿದಳು. ಒಳಗೆ ಬಂದು, ರೋಗಿಯ ಬಾಯಲ್ಲಿ ನನ್ನ ಕೈ ಇದ್ದಾಗಲೇ ಹೇಳಿದಳು.

“ಅಪ್ಪ ಇನ್ನೂ ಜೀವಂತ ಅದಾನ್ರಿ. ನೀವು ಅವನ್ನ ಗದ್ದಿಗಿ ಮ್ಯಾಲ ನಿಲ್ಲಿಸೀರಿ.”

ಆಗ ನನಗೆ ಹೊಳೆಯಿತು. ನಮ್ಮ ಕಡೆ ಸ್ವಾಮಿಗಳು ಲಿಂಗೈಕ್ಯರಾದರೆ ಅವರನ್ನು ಮಣ್ಣು ಮಾಡಿದ ಜಾಗದಲ್ಲಿ ಕಟ್ಟುವ ಗದ್ದಿಗೆ ಹೀಗೆಯೇ ಇರುತ್ತದೆ: ಕರಿಕಲ್ಲು, ಮೆಟ್ಟಿಲು, ಮೇಲೊಂದು ದೀಪ. ಹುಟ್ಟಿದಾಗಿನಿಂದ ಅದಕ್ಕೆ ಕೈಮುಗಿಯುತ್ತ ಬಂದವನು ನಾನು. ಅಂಗಡಿಯ ಹಿಂದೆ ಅಷ್ಟು ಕಲ್ಲುಗಳಲ್ಲಿ ನನ್ನ ಕಣ್ಣು ತಾನಾಗಿ ಅದನ್ನೇ ಆರಿಸಿತ್ತು. ಹೋದ ವರ್ಷ ಮಾವ ಆಸ್ಪತ್ರೆಯಲ್ಲಿ ಮಲಗಿ, ಇನ್ನೇನು ಕೈಬಿಟ್ಟರು ಅನ್ನುವಷ್ಟರಲ್ಲಿ ಎದ್ದು ಕೂತವರು. ಆ ಭಯ ಗಿರಿಜಾಳಿಗೆ ಇನ್ನೂ ಹೋಗಿರಲಿಲ್ಲ. ಮರುದಿನ ಮಾವ ಬರುವವರಿದ್ದರು. ಲಿಂಗಸುಗೂರಿನವರು ಮುಟ್ಟಿದ ಹಲ್ಲು ಮತ್ತೆ ನೋಯುತ್ತಿತ್ತು. ಗಿರಿಜಾ ತಿಂಗಳುಗಟ್ಟಲೆ ಗೋಗರೆದ ಮೇಲೆ ಒಮ್ಮೆ ಅಳಿಯನಿಗೇ ತೋರಿಸುತ್ತೇನೆಂದು ಒಪ್ಪಿದ್ದರು. ಅವರು ಬರುವುದರೊಳಗೆ ಕಲ್ಲು ತೆಗೆಯದಿದ್ದರೆ ನನ್ನೊಡನೆ ಮಾತಿಲ್ಲ ಎಂದವಳು ಆ ಕ್ಷಣದಿಂದಲೇ ಮಾತು ಬಿಟ್ಟಳು.

ಬೆಳಿಗ್ಗೆ ಬೇಗ ಬಂದು ಕಲ್ಲು ಕೀಳಲು ಕೂತೆ. ನಾನು ಕೂರಿಸಿದ ಕ್ಯಾಪುಗಳು ಶೇಂಗಾ ಚಿಕ್ಕಿ ಕಡಿದರೆ ಕಿತ್ತು ಬಂದದ್ದುಂಟು. ಬಜಾರಿನ ವ್ಯಾಪಾರಿಯೊಬ್ಬರು ತಮ್ಮದನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಆದರೆ ಮಾವನ ಪಾದ ಮಾತ್ರ ಅಲುಗಲಿಲ್ಲ. ನನ್ನ ವೃತ್ತಿಯ ಅತ್ಯುತ್ತಮ ಕೆಲಸವನ್ನು ಅದು ಬೇಡವಾದ ಜಾಗದಲ್ಲಿ ಮಾಡಿದ್ದೆ. ಉಳಿದ ದಾರಿ ಒಂದೇ, ಕಣಕಾಲಿನ ಹತ್ತಿರ ಕೊಯ್ಯುವುದು. ಕಾಲಿಲ್ಲದ ಮಾವ ಗದ್ದಿಗೆಯ ಮೇಲಿನ ಮಾವನಿಗಿಂತ ಶುಭವೇ ಎಂದು ಕೇಳಲು ಹೆಂಡತಿ ಮಾತು ಬಿಟ್ಟಿದ್ದಳು. ದೇವರ ಮೇಲೆ ಭಾರ ಹಾಕಿ ಹಲ್ಲು ಕೊರೆಯುವ ಯಂತ್ರ ಹಚ್ಚಿ ಅವರ ಕಾಲಿನ ಹತ್ತಿರ ಹಿಡಿದೆ, ಇನ್ನೂ ತಾಗಿಸಿರಲಿಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದರು. ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ಬಂದು ಹೊರಗಿನ ಕೋಣೆಯಲ್ಲಿ ಆಗಲೇ ಒಂದಿಷ್ಟು ಹೊತ್ತು ಕೂತಿದ್ದರಂತೆ. ಔಷಧಿ ಕಟ್ಟಿಸಿಕೊಳ್ಳಲು ಬಂದಿದ್ದ ಮುಕ್ಕುಂದದ ಹೆಣ್ಣುಮಗಳು, ಖಾಲಿ ಗೂಡು ತೋರಿಸಿ, ಇಲ್ಲಿದ್ದ ಅಜ್ಜಾರ ಮಹಿಮೆಯನ್ನು ಮೀಸೆ ರುಮಾಲು ಸಮೇತ ಅವರಿಗೇ ವರ್ಣಿಸಿದ್ದಳು. ಅಂದರೆ ಮಾವನಿಗೆ ಎಲ್ಲ ಗೊತ್ತಾಗಿತ್ತು. ಈಗ ಅಳಿಯ ತಮ್ಮ ಕಾಲು ಕೊಯ್ಯಲು ಹೊರಟದ್ದೂ ಕಣ್ಣಿಗೆ ಬಿತ್ತು. ಇನ್ನು ಇವರು ಈ ಜನ್ಮದಲ್ಲಿ ನನ್ನ ಮುಂದೆ ಬಾಯಿ ತೆರೆಯುವುದಿಲ್ಲ, ಮಗಳನ್ನೂ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡೆ.

ಮಾವ ಕೈ ಚಾಚಿದರು. ಕೊಟ್ಟೆ. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ರುಮಾಲಿನಿಂದ ಕೆಳಗಿಳಿಯುತ್ತ ಬಂದರು. ಮೀಸೆಯ ಹತ್ತಿರ ಸ್ವಲ್ಪ ಹೊತ್ತು ನಿಂತದ್ದು ಅವರಿಗೆ ಸಮಾಧಾನವಾಗಿದೆ ಎಂದು ನಾನು ಅರ್ಥಮಾಡಿಕೊಂಡೆ. ಪಾದಕ್ಕೆ ಬಂದಾಗ ಹುಬ್ಬು ಗಂಟಾಯಿತು.

“ಡಾಕ್ಟ್ರ, ನನ್ನ ಚಪ್ಪಲಿ ಎಲ್ಲಿ ಹೋದ್ವುರಿ?”

ಒಂದೊಂದು ಉಗುರಿಗೂ ಬೇರೆ ಬೇರೆ ಬಣ್ಣ ಕೊಟ್ಟಿದ್ದೇನೆ, ಚಪ್ಪಲಿ ಹಾಕಿದರೆ ಮುಚ್ಚಿಹೋಗುತ್ತಿತ್ತು ಎಂದು ತೊದಲಿದೆ. ಕಲೆಯ ಬಗ್ಗೆ ಇನ್ನೂ ಎರಡು ಮಾತು ಹೇಳುವವನಿದ್ದೆ. ಅವರು ಕೈಯೆತ್ತಿ ನಿಲ್ಲಿಸಿದರು.

“ಬರಿಗಾಲಿಲೆ ಕರಿಕಲ್ಲಿನ ಮ್ಯಾಲ ನಿಂತವಗ ಮಂದಿ ಕೈ ಮುಗಿಲಾರದ ಏನ್ ಮಾಡ್ತಾರ್ರಿ? ಚಪ್ಪಲಿ ಮೆಟ್ಟಿಸ್ರಿ. ಚಪ್ಪಲಿ ಮೆಟ್ಟಿ ಗದ್ದಿಗಿ ಯಾರೂ ಏರಂಗಿಲ್ಲ.”

ಹೇಳಿದ್ದಷ್ಟೇ ಅಲ್ಲ, ನೋಡಿ ಬರೆಯಲೆಂದು ತಮ್ಮ ಎಡಗಾಲಿನ ಚಪ್ಪಲಿ ಕಳಚಿ, ಕುದಿಸಿ ಒರೆಸಿ ಜೋಡಿಸಿಟ್ಟಿದ್ದ ನನ್ನ ಇಕ್ಕಳಗಳ ತಟ್ಟೆಯಲ್ಲಿ ಇಟ್ಟರು. ಶಾಹೀನ್ ತೋಬಾ ಎಂದು ಗೋಡೆಗೆ ಒರಗಿದಳು. ನಾನು ಅತಿ ಸಣ್ಣ ಕುಂಚ ತೆಗೆದೆ. ದಪ್ಪ ಅಟ್ಟೆ, ಅಡ್ಡಪಟ್ಟಿ, ಹೆಬ್ಬೆರಳ ಉಂಗುಟ, ಹೊಲದ ಧೂಳು. ಮಾವ ನನ್ನ ಹೆಗಲ ಮೇಲಿನಿಂದ ಬಗ್ಗಿ, ಉಸಿರೂ ಬಿಡದೆ, ನೋಡುತ್ತಿದ್ದರು. ಗೊಂಬೆಯನ್ನಲ್ಲ, ನನ್ನ ಕೈಯನ್ನು. ಅದು ನನಗೆ ಆಮೇಲೆ ತಿಳಿಯಿತು. ಎರಡನೆಯ ಉಂಗುಟ ಮುಗಿದಾಗ ಅವರು ಚಪ್ಪಲಿ ತೆಗೆದು ಕಾಲಿಗೆ ಹಾಕಿಕೊಂಡು, ಯಾರೂ ಕರೆಯದೆಯೇ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತರು.

“ನಿಮ್ಮ ಕೈ ನಡಗಂಗಿಲ್ರಿ. ಲಿಂಗಸುಗೂರಿನವರ್ದು ನಡಗ್ತೈತಿ,” ಎಂದವರೇ ಬಾಯಿ ತೆರೆದರು.

ಇಷ್ಟು ಮದುವೆ, ಇಷ್ಟು ಸೀಮಂತಗಳಲ್ಲಿ ನಾನು ಕಾದಿದ್ದ ಬಾಯಿ. ನನ್ನ ಕಣ್ಣು ಮಂಜಾದವು ಎಂದು ಹೇಳಲು ನಾಚಿಕೆಯೇನಿಲ್ಲ. ಮುಖಗವಸಿನ ಮೇಲೆ ಕನ್ನಡಕವೂ ಇತ್ತು, ಯಾರಿಗೂ ಕಾಣಲಿಲ್ಲ. ಹಲ್ಲು ಕಿತ್ತೆ, ಕೈ ಅಲುಗದೆ, ಒಂದೇ ಪಟ್ಟಿಗೆ.

ಪೀಠ ಎಷ್ಟು ಎತ್ತರವಿರಬೇಕು, ಯಾವ ಕಲ್ಲಿನದಿರಬೇಕು ಎಂದು ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆ. ಮೇಲೆ ನಿಂತವನು ಬೇಕಾದಾಗ ಇಳಿದು ನಡೆಯುವ ಹಾಗಿದ್ದರೆ ಸಾಕಂತೆ. ಅಂಥವನಿಗೆ ಯಾವ ಕಲ್ಲಾದರೂ ನಡೆಯುತ್ತದೆ. ಗೂಡಿಗೆ ಮರಳಿದ ಮಾವನನ್ನು ಮುಕ್ಕುಂದದ ಹೆಣ್ಣುಮಗಳೇ ಮೊದಲು ನೋಡಿದಳು. ಅರ್ಧ ಎತ್ತಿದ ಕೈ ಕೆಳಗಿಳಿಸಿ, ಇವರು ಬಸ್ಸಿಗೆ ನಿಂತಿದ್ದಾರೇನು ಎಂದು ಶಾಹೀನಳನ್ನು ಕೇಳಿದಳು. ಅಂದಿನಿಂದ ಹೂವು ನಿಂತವು. ನರಳಾಟ ಮತ್ತೆ ಶುರುವಾಯಿತು.

ಆ ದಿನವೇ ಮಧ್ಯಾಹ್ನ ಗಿರಿಜಾ ಬುತ್ತಿ ತಂದಳು, ಅಪ್ಪನೊಬ್ಬನಿಗೇ. ಗೂಡಿನ ಮುಂದೆ ನಿಂತಳು. ಕಲ್ಲು ಹಾಗೆಯೇ ಇತ್ತು. ಅವಳು ನೋಡುತ್ತಿದ್ದುದು ಕಲ್ಲನ್ನಲ್ಲ, ಚಪ್ಪಲಿಯನ್ನು.

“ಎಲ್ಲಿಗೆ ಹೊಂಟೀಯಪ್ಪಾ?” ಎಂದು ಗೂಡನ್ನೇ ಕೇಳಿದಳು.

ಉತ್ತರ ಬೆಂಚಿನಿಂದ ಬಂತು. ಸೂಜಿಮದ್ದಿಗೆ ಮಾವನ ಅರ್ಧ ತುಟಿ ಮರಗಟ್ಟಿ, ಮೀಸೆ ಒಂದು ಕಡೆಗೆ ವಾಲಿತ್ತು.

“ಎಲ್ಲಿಗರ ಹೋಗ್ತೀನಿ ಬೇ. ಹೊಳ್ಳಿ ಬರ್ತೀನಿ.”

ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬುತ್ತಿ ಬಿಚ್ಚಿ ಅಪ್ಪನಿಗೆ ಮೆತ್ತಗಿನ ಮೊಸರನ್ನ ಇಟ್ಟಳು. ಆಮೇಲೆ ಶಾಹೀನಳಿಂದ ಇನ್ನೊಂದು ತಾಟು ಇಸಿದುಕೊಂಡು, ನನ್ನ ಕಡೆ ನೋಡದೆಯೇ, ನನ್ನ ಮುಂದೆಯೂ ಸರಿಸಿದಳು.