ಜಗುಲಿ ಹತ್ತದ ಕತ್ತಿ

ಪಾಳ್ಯದ ಕೆಂಚಯ್ಯ ಕ್ಷೌರದ ಕತ್ತಿ ಹಿಡಿದದ್ದು ತಡವಾಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅದು ತೊಂಬತ್ತನೆಯ ಇಸವಿ. ಅಪ್ಪ ರುದ್ರಯ್ಯನ ಕಣ್ಣಿಗೆ ಪೊರೆ ಬಂದು, ಒಂದು ದಿನ ಯಾರದೋ ಅರ್ಧ ಮೀಸೆ ಹಾರಿಹೋದ ಮೇಲೆ ಮನೆಯವರಿಗೆ ಬೇರೆ ದಾರಿ ಉಳಿಯಲಿಲ್ಲ.

ಮೊದಲ ವರ್ಷ ಅಪ್ಪ ಅವನಿಗೆ ಒಂದು ಕೆನ್ನೆಯನ್ನೂ ಮುಟ್ಟಗೊಡಲಿಲ್ಲ. ಸಾಣೆಕಲ್ಲಿನ ಮೇಲೆ ಮಸೆಯುವುದು, ಚರ್ಮದ ಪಟ್ಟಿಯ ಮೇಲೆ ಎಳೆಯುವುದು, ಮತ್ತೆ ಮಸೆಯುವುದು, ಇಷ್ಟೇ ಕೆಲಸ. ಆಮೇಲೆ ಬದನೆಕಾಯಿ ಬಂತು. ಗುಂಡು ಬದನೆಕಾಯಿಗೆ ಸೋಪಿನ ನೊರೆ ಹಚ್ಚಿ, ಸಿಪ್ಪೆಗೆ ಗೀರು ಬೀಳದಂತೆ ನೊರೆಯನ್ನಷ್ಟೇ ತೆಗೆಯಬೇಕು. ಗೀರು ಬಿದ್ದದ್ದೆಲ್ಲ ಅಡುಗೆಮನೆಗೆ. ಎಷ್ಟು ತೊಳೆದರೂ ಸಾರಿನಲ್ಲಿ ಸೋಪಿನ ವಾಸನೆ ಹೋಗುತ್ತಿರಲಿಲ್ಲ.

"ಇವನ ಕೈ ಬೇಗ ಕೂರ್ಲಪ್ಪ ದೇವ್ರೇ, ನನ್ ನಾಲಿಗೆ ಸತ್ತೋಯ್ತು" ಎಂದು ಅವ್ವ ಗೊಣಗುತ್ತಿದ್ದಳು.

ಕಣ್ಣು ಕಾಣದ ಅಪ್ಪ ಕತ್ತಿ ಎಳೆಯುವ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಿದ್ದ.

"ಲೇ, ಈಗ ಎಲ್ಲಿದ್ದೆ? ಕೈ ಇಲ್ಲೈತೆ, ಮನಸು ಎತ್ಲಾಗೋ ಹೋಗ್ಬುಡ್ತು. ಕತ್ತಿ ಇನ್ನೊಬ್ರ ಮುಖದ ಮ್ಯಾಲಿರೋಗಂಟ ನಿಂಗೆ ಹಸಿವಿಲ್ಲ, ಸಿಟ್ಟಿಲ್ಲ, ಆಸೆ ಇಲ್ಲ. ತಿಳೀತಾ?"

ಎರಡನೆಯ ವರ್ಷ ಕೈ ಕೂತಿತು. ಆದರೆ ಕಾಲ ಅವನಿಗಾಗಿ ಕಾಯಲಿಲ್ಲ. ಬಸ್ ನಿಲ್ದಾಣದ ಅಂಗಡಿಗೆ ಬ್ಲೇಡ್ ಬದಲಿಸುವ ಕತ್ತಿ ಬಂತು, ಹಿಂದೆಯೇ ಏಡ್ಸಿನ ಭಯವೂ ಬಂತು. ಹಳೆ ಕತ್ತಿಗೆ ಮುಖ ಒಡ್ಡುವವರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೆಂಚಯ್ಯನೂ ಹೊಟ್ಟೆಪಾಡಿಗೆ ಬ್ಲೇಡ್ ಹಿಡಿದ. ಅಪ್ಪನ ಕತ್ತಿಗೆ ಉಳಿದದ್ದು ಒಂದೇ ಮುಖ, ಕಾಫಿ ಎಸ್ಟೇಟಿನ ಯಜಮಾನ ತಿಮ್ಮಯ್ಯನವರದು.

ಅವರಿಗೆ ಬ್ಲೇಡ್ ಎಂದರೆ ಉರಿ. ಬುಧವಾರ, ಭಾನುವಾರ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಸ್ಟೂಲು ಹಾಕಿಸಿ ಕೂರುತ್ತಿದ್ದರು. ಕೆಂಚಯ್ಯ ಎಡಗೈ ಬೆರಳಲ್ಲಿ ಚರ್ಮ ಎಳೆದು ಹಿಡಿದು, ಕೂದಲು ಇಳಿದ ಕಡೆಗೇ ಕತ್ತಿ ಇಳಿಸಿದರೆ ಅವರಿಗೆ ಅಲ್ಲೇ ಜೊಂಪು ಹತ್ತುತ್ತಿತ್ತು. ಮುಗಿದ ಮೇಲೆ ಕೆನ್ನೆ ಸವರಿಕೊಂಡು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಏನೂ ಗೊತ್ತಾಗ್ಲಿಲ್ಲ ಕಣೋ ಕೆಂಚ."

ಆ ಮಾತು ಕೇಳಿದರೆ ಕೆಂಚಯ್ಯನಿಗೆ ಎರಡು ದಿನ ಹೊಟ್ಟೆ ತುಂಬಿದಂತೆ. ಹನ್ನೆರಡು ವರ್ಷದಲ್ಲಿ ಆ ಮುಖದಿಂದ ಒಂದು ಹನಿ ರಕ್ತ ಬಂದಿರಲಿಲ್ಲ. ಆದರೆ ಅವನಿಗೆ ಕಾಫಿ ಬರುತ್ತಿದ್ದದ್ದು ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದ ಅಲ್ಯೂಮಿನಿಯಂ ಲೋಟಕ್ಕೆ, ಅದೂ ಮೇಲಿನಿಂದ ಹೊಯ್ದು. ಅವನು ಹೋದ ಮೇಲೆ ಸ್ಟೂಲಿಗೂ ಸ್ನಾನ, ಯಜಮಾನರಿಗೂ ಸ್ನಾನ. ಕುತ್ತಿಗೆಯನ್ನೇ ಕೊಟ್ಟು ಕಣ್ಣು ಮುಚ್ಚುವ ಮನುಷ್ಯ ಜಗುಲಿಯಲ್ಲಿ ಒಂದು ಮಣೆ ಹಾಕಿಸಲಾರದೆ ಹೋದರಲ್ಲ! ಇಂಥ ನಂಬಿಕೆಗೆ ಏನು ಹೆಸರಿಡಬೇಕೋ ನನಗಂತೂ ತಿಳಿಯದು. ಕೆಂಚಯ್ಯ ಮಾತ್ರ ಆಸೆ ಬಿಡಲಿಲ್ಲ. "ನನ್ ಕೈಗೆ ಆ ಜಗುಲಿ ಸಿಗ್ಲಿಲ್ಲ, ನಿನ್ ಕೈ ನಂಗಿಂತ ಚೆಂದಾಗೈತೆ" ಎಂದು ಅಪ್ಪ ಸಾಯುವ ಮುಂಚೆ ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು. ಇಂದಲ್ಲ ನಾಳೆ ಯಜಮಾನರು ತಾವಾಗಿಯೇ ಒಳಗೆ ಕರೆಯುತ್ತಾರೆ ಎಂದೇ ಅವನು ನಂಬಿದ್ದ.

ಎರಡು ಸಾವಿರದ ನಾಲ್ಕರ ಕಾಫಿ ಕುಯ್ಲಿನ ಹೊತ್ತಿಗೆ ತಿಮ್ಮಯ್ಯನವರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಎಡಗೆನ್ನೆಗೂ ಜೀವ ಇರಲಿಲ್ಲ, ಜೊಲ್ಲು ಇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಾಸನದ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವೀರಯ್ಯ ಬಂದು ಹೇಳಿದ: "ಗಡ್ಡ ಬೆಳೆದ್ಬುಟ್ಟೈತೆ ಕಣೋ. ಬ್ಲೇಡಿನವ್ನು ಬ್ಯಾಡ, ನೀನೇ ಬರ್ಬೇಕಂತೆ."

ಹಾಸಿಗೆ ಹಿಡಿದವರನ್ನು ಹೊರಗೆ ತರುವುದುಂಟೆ? ಈ ಸಲ ಒಳಗೆ ಕರೆಯಲೇಬೇಕು. ಕೆಂಚಯ್ಯ ಆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ, ಮದುವೆ ಮುಂಜಿಗೆ ಉಡುವ ಪಂಚೆ ಉಟ್ಟ, ಕತ್ತಿಯನ್ನು ಎರಡೆರಡು ಸಲ ಮಸೆದ. ಎಸ್ಟೇಟ್ ಮನೆಯ ನಲ್ಲಿಯಲ್ಲಿ ಕಾಲು ತೊಳೆದು ಮೆಟ್ಟಿಲ ಬುಡದಲ್ಲಿ ನಿಂತ.

ತಿಮ್ಮಯ್ಯನವರ ಹೆಂಡತಿ ಸರೋಜಮ್ಮ ಬಾಗಿಲಿಗೆ ಬಂದರು. "ಅಲ್ಲೇ ಇರು ಕೆಂಚ. ಒಳಗೆ ದೇವ್ರ ಕೋಣೆ ಐತೆ. ಬೇಜಾರ್ ಮಾಡ್ಕಬ್ಯಾಡ. ಮಂಚಾನೇ ತರುಸ್ತೀನಿ."

"ಅಮ್ಮಾರೆ, ಚಳಿ ಐತೆ. ನಾನೇ ಒಂದ್ ಗಳಿಗೆ..."

"ಬ್ಯಾಡ ಅಂದ್ನಲ್ಲ."

ಮಂಚ ಹೊರಲು ಎಸ್ಟೇಟಿನ ಕೂಲಿ ಲೈನಿನ ನಾಲ್ವರು ಆಳುಗಳು ಒಳಗೆ ಹೋದರು. ಅವರಲ್ಲಿ ಇಬ್ಬರ ಗಡ್ಡವನ್ನು ಹಿಂದಿನ ದಿನವಷ್ಟೇ ಕೆಂಚಯ್ಯ ತೆಗೆದಿದ್ದ. ಮಂಚ ಬಾಗಿಲಿಗೆ ಸಿಕ್ಕಿಕೊಂಡಿತು. ಓರೆ ಮಾಡಿ ಎಳೆದಾಗ ಮುದುಕ ನರಳಿದರು. ಮಂಜು ಇನ್ನೂ ಕರಗಿರದ ಅಂಗಳದಲ್ಲಿ ಮಂಚ ಇಳಿಯಿತು.

ಕೆಂಚಯ್ಯ ನೊರೆ ಹಚ್ಚಿದ. ಬಲಗೆನ್ನೆ ಸರಾಗವಾಗಿ ಮುಗಿಯಿತು. ಎಡಗೆನ್ನೆ ಜೋತುಬಿದ್ದಿತ್ತು, ಚರ್ಮ ಎಳೆದು ಹಿಡಿದರೂ ನಿಲ್ಲದು. ಕತ್ತಿ ದವಡೆಗೆ ಇಳಿಯುವಾಗ ಅವನ ಕಣ್ಣು ತೆರೆದ ಬಾಗಿಲಿನ ಕಡೆ ಹೋಯಿತು. ಲೈನಿನ ಆಳೊಬ್ಬ ಜಗುಲಿ ಕಂಬಕ್ಕೆ ಒರಗಿ ಬೀಡಿ ಹುಡುಕುತ್ತಿದ್ದ. ಇವನಿಗೂ ಸಿಕ್ಕಿತಲ್ಲ ಜಗುಲಿ ಎಂದು ಸಿಟ್ಟು ಬಂತು. ಅಷ್ಟೇ ಹೊತ್ತು.

ನೊರೆ ಕೆಂಪಾಯಿತು. ಒಂದು ಹನಿಯಲ್ಲ, ಬೆರಳುದ್ದದ ಗಾಯ.

ರಕ್ತ ನಿಲ್ಲಲೆಂದು ಪಟಿಕದ ಕಲ್ಲು ಒತ್ತಿದ. ಎಂಥವರೂ ಹಾರಿಬೀಳುವ ಉರಿ ಅದು. ತಿಮ್ಮಯ್ಯನವರು ಕದಲಲಿಲ್ಲ. ಕಣ್ಣು ತೆರೆದು, ಸ್ವಾಧೀನವಿದ್ದ ಬಲಗೈಯಿಂದ ಬಲಗೆನ್ನೆ ಸವರಿಕೊಂಡು ತೊದಲಿದರು:

"ಏನೂ... ಗೊತ್ತಾಗ್ಲಿಲ್ಲ ಕಣೋ, ಕೆಂಚ."

ಕೆಂಚಯ್ಯ ಕತ್ತಿ ಮಡಚಿದ. ಗೂಡಿನ ಲೋಟ ಮುಟ್ಟದೆ ಮನೆಗೆ ನಡೆದ. ಸರೋಜಮ್ಮನನ್ನು ಬಯ್ದುಕೊಳ್ಳಲು ದಾರಿಯುದ್ದಕ್ಕೂ ಮಾತು ಸಿಕ್ಕಿತು. ಸತ್ತ ಅಪ್ಪನಿಗೆ ಹೇಳಲು ಮಾತ್ರ ಒಂದು ಮಾತೂ ಸಿಗಲಿಲ್ಲ. ಮುಂದಿನ ಬುಧವಾರ ವೀರಯ್ಯ ಕರೆಯಲು ಬಂದಾಗ, ಬ್ಲೇಡಿನವನನ್ನು ಕರೆದುಕೊಂಡು ಹೋಗು ಎಂದ.