ಎರಡು ಮೈಕಿನ ಸಂಸಾರ

ಹೊಸನಗರದ ಮೈಕ್‌ಸೆಟ್ ರವೀಶನಿಗೆ ಹಳೆಯ ಹಾಲಿವುಡ್ ಕಾಮಿಡಿಗಳ ಹುಚ್ಚು. ಮದುವೆ, ನಾಟಕ, ಚುನಾವಣೆ ಅಂತ ಊರೂರಿಗೆ ಹೋಗಿ ಮೈಕ್ ಕಟ್ಟುವವನಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೋ ದೇವರೇ ಬಲ್ಲ. ಕಪ್ಪುಬಿಳುಪಿನ ಆ ಸಿನಿಮಾಗಳಲ್ಲಿ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಯಾರು ಹೆಚ್ಚು ಅಂತ ಕಚ್ಚಾಡುತ್ತಾರೆ, ಡೈವೋರ್ಸಿನ ತನಕ ಹೋಗಿ ಕೊನೆಗೆ ಅವಳ ಹಿಂದೆ ಇವನೇ ಓಡುತ್ತಾನೆ. ನಮ್ಮ ಕಡೆಯವರಿಗೆ ಆ ಇಂಗ್ಲಿಷಿನ ಓಟ ಹಿಡಿಯಲು ಬರುವುದಿಲ್ಲ. ಅದಕ್ಕೆ ರವೀಶ ಊರೂರಲ್ಲಿ ಪರದೆ ಕಟ್ಟಿ ತೋರಿಸುವಾಗ ಸಿನಿಮಾದ ಸೌಂಡ್ ಬಂದ್ ಮಾಡಿ, ಪರದೆಯ ಪಕ್ಕ ಎರಡು ಮೈಕ್ ಇಟ್ಟ. ಗಂಡನ ಮಾತನ್ನು ಕನ್ನಡದಲ್ಲಿ ಅವನು ಹೇಳುತ್ತಿದ್ದ, ಹೆಂಡತಿಯದನ್ನು ಅವನ ಹೆಂಡತಿ ಚೈತ್ರಾ. ಆ ಜಗಳದ ವೇಗಕ್ಕೆ ಒಂದು ಬಾಯಿ ಸಾಲುತ್ತಿರಲಿಲ್ಲ.

ಜನ ಬಿದ್ದು ಬಿದ್ದು ನಗುತ್ತಿದ್ದರು. ಪರದೆಯ ಮೇಲಿನ ಗಂಡಸು ಏಪ್ರನ್ ಕಟ್ಟಿಕೊಂಡು ಏನಾದರೂ ಸೀಯಿಸಿದರಂತೂ ಶಿಳ್ಳೆಯೋ ಶಿಳ್ಳೆ. ರವೀಶನ ಮನೆಯಲ್ಲೂ ಅಡುಗೆ ಅವನದೇ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ಚೈತ್ರಾ ಮಾಸ್ತಿಕಟ್ಟೆಯ ವಿದ್ಯುತ್ ಯೋಜನೆಯಲ್ಲಿ ಇಂಜಿನಿಯರು. ಬೆಳಗಿನ ಬಸ್ಸಿಗೆ ಹೊರಡುವವಳಿಗೆ ತಿಂಡಿ ಕೊಟ್ಟು, ಡಬ್ಬಿ ಕಟ್ಟಿ ಕಳಿಸುತ್ತಿದ್ದವನು ಅವನು. ಖುಷಿಯಿಂದಲೇ ಮಾಡುತ್ತಿದ್ದ. ಹೊರಗೆ ಯಾರಾದರೂ ಚಪ್ಪಲಿ ಬಿಟ್ಟ ಸದ್ದಾದರೆ ಮಾತ್ರ ಸೌಟು ಇಟ್ಟು ಪೇಪರ್ ಹಿಡಿದು ಕೂರುತ್ತಿದ್ದ.

ಈ ವರ್ಷ ಚೈತ್ರಾಳಿಗೆ ಬಡ್ತಿ ಬಂತು, ಜೊತೆಗೆ ರಾಯಚೂರಿಗೆ ವರ್ಗ. ವರ್ಷಗಟ್ಟಲೆ ಕಾದ ಬಡ್ತಿ, ಅವಳು ಬಿಡುವ ಪ್ರಶ್ನೆಯೇ ಇರಲಿಲ್ಲ. ಗಂಡನನ್ನು ಕೇಳಿದ್ದು ಒಂದೇ. ಅವನು ಬರುವುದಾದರೆ ಬಾಡಿಗೆ ಮನೆ ನೋಡುತ್ತಾಳೆ, ಇಲ್ಲವಾದರೆ ಹಾಸ್ಟೆಲ್ ಸಾಕು. ರವೀಶ ನೋಡಣ ಅಂದ. ಮರುದಿನ ಕೇಳಿದರೂ ನೋಡಣ. ಮೈಕ್‌ಸೆಟ್ ನೋಡಿಕೊಳ್ಳಲು ತಮ್ಮ ದುರ್ಗೇಶ ಒಪ್ಪಿಯೂ ಆಗಿತ್ತು. ಅಡ್ಡ ಬಂದದ್ದು ಮಂಜುನಾಥಪ್ಪನವರ ಒಂದು ಮಾತು. ಕೋಣಂದೂರಿನಲ್ಲಿ ಶೋ ಮಾಡಿಸುವ ಸಂಘದ ಅಧ್ಯಕ್ಷರಾದ ಅವರು ಸಂತೆಯಲ್ಲಿ ಎಲ್ಲರೆದುರು, ಹೆಂಡತಿ ಆಫೀಸಿಗೆ ಹೋದರೆ ನೀನಲ್ಲಿ ಅನ್ನ ಬೇಯಿಸಿಕೊಂಡು ಇರ್ತೀಯಾ ಮಾರಾಯಾ ಅಂತ ನಕ್ಕಿದ್ದರು. ರವೀಶನೂ ಜೊತೆಗೆ ನಕ್ಕುಬಿಟ್ಟಿದ್ದ. ಗಂಡಸರ ಮರ್ಯಾದೆ ಎಂಥ ಕೆಲಸಕ್ಕೆ ಬಾರದ ವಸ್ತು ನೋಡಿ! ಬರುತ್ತೇನೆ ಅನ್ನಲು ನಾಚಿಕೆ, ಬರುವುದಿಲ್ಲ ಅನ್ನಲು ಸಂಕಟ. ಅವಳಿಲ್ಲದ ಮನೆಯಲ್ಲಿ ಬೆಳಗೆದ್ದು ಯಾರಿಗೆ ಡಬ್ಬಿ ಕಟ್ಟುವುದು?

ಅವಳು ಹೊರಡುವ ವಾರದಲ್ಲೇ ಕೋಣಂದೂರಿನ ಸಮುದಾಯ ಭವನದಲ್ಲಿ ಶೋ ಇತ್ತು. ಮೊದಲೇ ಒಪ್ಪಿಕೊಂಡದ್ದು, ತಪ್ಪಿಸುವ ಹಾಗಿರಲಿಲ್ಲ. ಸಿನಿಮಾದಲ್ಲಿ ಹೆಂಡತಿ ವಕೀಲೆ. ದೊಡ್ಡ ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಿದ್ದಾಳೆ. ಕೊನೆಗೆ ರೈಲಿನ ಬಾಗಿಲಲ್ಲಿ ನಿಂತು ಅವಳು ಗಂಡನನ್ನು ಛೇಡಿಸಬೇಕು. ಚೈತ್ರಾ ಛೇಡಿಸಲಿಲ್ಲ. ಅಭ್ಯಾಸ ಮಾಡಿದ್ದ ಮಾತನ್ನೆಲ್ಲ ಬಿಟ್ಟು, ರವೀಶನ ಕಡೆ ತಿರುಗಿ, ತನ್ನದೇ ದನಿಯಲ್ಲಿ ಮೈಕಿನಲ್ಲೇ ಕೇಳಿದಳು.

"ಬರ್ತೀರೋ ಇಲ್ವೋ? ಜನ ನಗ್ತಾರೆ ಅಂತಾದ್ರೆ ಅದನ್ನೇ ಹೇಳಿ. ನಾನು ಬೇಜಾರು ಮಾಡ್ಕಳಲ್ಲ."

ಪರದೆಯ ಮೇಲೆ ಗಂಡನ ಬಾಯಿ ಆಡುತ್ತಿತ್ತು. ಬರ್ತೀನಿ, ನಿನ್ನ ಮನೇಲಿ ಅಡುಗೆ ಮಾಡ್ಕೊಂಡಾದ್ರೂ ಇರ್ತೀನಿ: ಅಲ್ಲಿರುವ ಮಾತು ಅಷ್ಟೇ. ರವೀಶನಿಗೆ ಅದು ಬಾಯಿಪಾಠ. ಹೇಳಿದ್ದರೆ ಜನ ಸಿನಿಮಾದವನನ್ನು ನೋಡಿ ನಗುತ್ತಿದ್ದರು, ಚೈತ್ರಾಳಿಗೆ ಉತ್ತರ ಸಿಗುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ಮಂಜುನಾಥಪ್ಪ ಆಗಲೇ ನಗಲು ತಯಾರಾಗಿ ಕೂತಿದ್ದರು. ರವೀಶನ ನಾಲಿಗೆ ಏಳಲಿಲ್ಲ. ಹಿಂದಿನಿಂದ ಯಾರೋ ಮೈಕ್ ಹೋಯ್ತು ಅಂದರು, ದುರ್ಗೇಶ ವೈರು ಹುಡುಕಲು ಓಡಿದ.

ಚೈತ್ರಾ ಪರದೆಯ ಕಡೆ ತಿರುಗಿದಳು. ಆಮೇಲೆ ದನಿ ದಪ್ಪ ಮಾಡಿಕೊಂಡು ಗಂಡನ ಮಾತನ್ನೂ ತಾನೇ ಹೇಳಿ ಮುಗಿಸಿದಳು. ಹೊಸ ತಮಾಷೆ ಅಂದುಕೊಂಡು ಇಡೀ ಭವನ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಂಜುನಾಥಪ್ಪ.

ಜನ ಹೋದ ಮೇಲೆ ವೈರು ಸುತ್ತುತ್ತಾ ರವೀಶ ಅವಳ ಹತ್ತಿರ ಬಂದ.

"ಬರ್ತೀನಿ ಕಣೆ" ಅಂದ, ಮೆಲ್ಲಗೆ.

"ಯಾರೂ ಇಲ್ದಾಗ ನೀವು ಎಲ್ಲಿಗೆ ಬೇಕಾದ್ರೂ ಬರ್ತೀರಿ" ಅಂದಳು ಚೈತ್ರಾ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ರವೀಶ ನೋಡುತ್ತಿದ್ದ ಹಾಗೇ ಹಾಸ್ಟೆಲಿಗೆ ಫೋನ್ ಮಾಡಿ, ಒಬ್ಬರಿಗೆ ಸಾಕು ಅಂದಳು.