ಬೋರ್ಡಣ್ಣ ಮಾರಿದ ಡಾಫ್ನೆ

ಬೋರ್ಡಣ್ಣನ ಕಸುಬು ಮರದ ಹಲಗೆಯಲ್ಲಿ ಹೆಸರು ಕೆತ್ತುವುದು. ಮನೆ ಬಾಗಿಲಿಗೆ, ವಕೀಲರ ಮೇಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಗತಾನೇ ಹುಟ್ಟಿದ ಮಕ್ಕಳ ತೊಟ್ಟಿಲಿಗೆ. ಅವನ ಸ್ವಂತ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಊರಿಗೆಲ್ಲ ಹೆಸರು ಹಂಚುವವನಿಗೂ ಒಂದು ಇದ್ದೀತು ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ.

ಆ ಬೀದಿಯ ಮಕ್ಕಳಿಗೆ ಡಾಫ್ನೆ ಎಂಬ ಹೆಸರು ಬಂದದ್ದು ಫ್ಯಾಷನ್ನಿನಿಂದಲ್ಲ, ಓದಿನಿಂದಲೂ ಅಲ್ಲ, ಮಾರಾಟವಾಗದೆ ಉಳಿದ ಒಂದು ಹಲಗೆಯಿಂದ. ಚರಿತ್ರೆ ಪಾಠ ಮಾಡುವ ಮೇಷ್ಟ್ರೊಬ್ಬರು, ಹುಟ್ಟುವುದು ಹೆಣ್ಣೇ ಎಂದು ಹೆಂಡತಿ ಕಂಡ ಕನಸನ್ನು ನಂಬಿ, ಹೆರಿಗೆಗೆ ಮುಂಚೆಯೇ ಬಂದು ಡಾಫ್ನೆ ಎಂದು ಕೆತ್ತಿಸಿದರು. ವಾರ್ನಿಷ್ ಒಣಗುವ ತನಕ ಸುಮ್ಮನೆ ಕೂರಲಾರದೆ ಹೆಸರಿನ ಮೂಲವನ್ನೂ ಬಿಡಿಸಿ ಹೇಳಿದರು. ಗ್ರೀಕರ ಪುರಾಣದಲ್ಲಿ ಡಾಫ್ನೆ ಒಬ್ಬ ನದೀದೇವರ ಮಗಳು. ಕಾಡಿನಲ್ಲಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದವಳು. ಅಪೊಲೊ ಎಂಬ ದೇವರು ಮರುಳಾಗಿ ಅವಳ ಬೆನ್ನು ಹತ್ತಿದ. ಇವಳು ಓಡಿದಳು. ಕಾಲು ಸೋತು, ಇನ್ನೇನು ಸಿಕ್ಕಿಬಿದ್ದೆ ಎನ್ನುವಾಗ ಅಪ್ಪನನ್ನು ಕೂಗಿದಳು. ಅಪ್ಪನ ಕೈಲಾದದ್ದು ಒಂದೇ: ಮಗಳನ್ನು ಮರ ಮಾಡಿಬಿಟ್ಟ. ಬೆರಳೆಲ್ಲ ಎಲೆ, ಪಾದವೆಲ್ಲ ಬೇರು. ಅಪೊಲೊ ಆಗಲೂ ಬಿಡದೆ ಆ ಎಲೆ ಕಿತ್ತು ಕಿರೀಟ ಮಾಡಿಕೊಂಡ. ಮುಂದೆ ಗೆದ್ದವರ ತಲೆಗೆಲ್ಲ ಅದೇ ಎಲೆಯ ಕಿರೀಟವಾಯಿತು. ಗ್ರೀಕರ ಮಾತಿನಲ್ಲಿ ಆ ಮರದ ಹೆಸರೇ ಡಾಫ್ನೆ.

ಮೇಷ್ಟ್ರ ಮನೆಯಲ್ಲಿ ಹುಟ್ಟಿದ್ದು ಗಂಡು. ಹಲಗೆ ಬೋರ್ಡಣ್ಣನ ಕೊರಳಿಗೆ ಬಿತ್ತು. ಅವನು ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಹೆಸರು ತೋಚದೆ ಬಂದವರಿಗೆಲ್ಲ ಕತೆ ಹೇಳತೊಡಗಿದ. ಹೇಳುವುದರಲ್ಲೂ ವ್ಯಾಪಾರ ಬಲ್ಲವನೇ. ದರ್ಜಿ ಹರಿದ ಅಂಚನ್ನು ಒಳಕ್ಕೆ ಮಡಚುವ ಹಾಗೆ ಓಟ, ಕೂಗು, ಬೇರು ಎಲ್ಲವನ್ನೂ ಒಳಕ್ಕೆ ಮಡಚಿ, ಕಿರೀಟವನ್ನು ಮಾತ್ರ ಹೊರಗೆ ತೋರಿಸಿದ. ದೇವರ ಮಗಳು, ಗೆದ್ದವರ ತಲೆ ಮೇಲಿನ ಹೆಸರು, ಇದೊಂದೇ ಉಳಿದಿರುವುದು ಎನ್ನುತ್ತಿದ್ದ. ಆ ಒಂದೇ ಹಲಗೆ ಹೋದ ಮೇಲೆ ಇನ್ನೊಂದು ‘ಒಂದೇ’ ಹಲಗೆ ಕೆತ್ತಿ ಅದೇ ಮೊಳೆಗೆ ಹಾಕಿದ. ಹೀಗೆ ಅದೆಷ್ಟು ಸಲ ಒಂದೇ ಉಳಿಯಿತೋ ಅವನಿಗೇ ಗೊತ್ತಿಲ್ಲ.

ಕೆಲವು ವರ್ಷಗಳಲ್ಲಿ ಬೀದಿಯ ತುಂಬ ಡಾಫ್ನೆಗಳಾದರು. ಶಾಲೆಯಲ್ಲಿ ಉದ್ದ ಡಾಫ್ನೆ, ಗುಂಡು ಡಾಫ್ನೆ, ಹಲ್ಲು ಬಿದ್ದ ಡಾಫ್ನೆ ಎಂದು ವಿಂಗಡಿಸಿ ಕರೆಯಬೇಕಾಯಿತು. ಎದುರಿನ ಔಷಧಿ ಅಂಗಡಿಯಾಕೆಯ ಮೊಮ್ಮಗಳೂ ಡಾಫ್ನೆಯೇ. ಸಂಜೆ ಆಕೆ ಮೊಮ್ಮಗಳನ್ನು ಕೂಗಿದರೆ ಯಾರು ಯಾರದೋ ಮಕ್ಕಳು ಓಡಿಬರುತ್ತಿದ್ದರು.

“ಬೋರ್ಡಣ್ಣ, ನೀನು ಹೆಸರು ಮಾರಿದ್ಯೋ, ನೆಗಡಿ ಅಂಟಿಸಿದ್ಯೋ?” ಎಂದು ಆಕೆ ಅಂಗಡಿಯಿಂದಲೇ ಕೇಳುತ್ತಿದ್ದಳು.

“ನೆಗಡಿ ಆಗಿದ್ರೆ ಲಾಭ ನಿನಗಾಗ್ತಿತ್ತಲ್ಲಕ್ಕ,” ಎಂದು ಇವನು ಉಳಿ ಎತ್ತದೆ ಉತ್ತರ ಕೊಡುತ್ತಿದ್ದ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಆ ಪರದೆಯ ಹಿಂದೆ ಅವನ ಹೆಂಡತಿ ಬಾಳಿದ್ದಳು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಅವಳನ್ನು ಬೋರ್ಡಣ್ಣ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. “ಏನೇ”, “ಇಲ್ಲಿ ಬಾ” ಎನ್ನುವುದರಲ್ಲೇ ಸಂಸಾರ ಸಾಗಿತ್ತು. ಅವಳು ಹೋದ ಮೇಲೆ ಕರೆಯಬೇಕು ಎನಿಸತೊಡಗಿತು. ಆದರೆ ನಾಲಿಗೆಗೆ ಅಭ್ಯಾಸ ಇರಲಿಲ್ಲ, ಖಾಲಿ ಅಡುಗೆಮನೆಯ ಕಡೆ ತಿರುಗಿ ಕರೆದರೆ ತಲೆ ಕೆಟ್ಟಿದೆ ಅಂದಾರು ಎಂಬ ಅಂಜಿಕೆ ಬೇರೆ. ಹಾಗಾಗಿ ಮಗಳು ಬಸುರಿ ಎಂದು ಕೇಳಿದ ದಿನದಿಂದ ಅವನಿಗೆ ಇದ್ದದ್ದು ಒಂದೇ ಆಸೆ. ಹೆಣ್ಣು ಹುಟ್ಟಬೇಕು, ಹೆಂಡತಿಯ ಹೆಸರಿಡಬೇಕು, ಆಮೇಲೆ ಬಾಯಿತುಂಬ ಕರೆಯಬೇಕು. ಈ ಆಸೆಯನ್ನು ಅವನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಸತ್ತ ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದು ತಾನೇ, ಅದನ್ನೂ ಬಿಡಿಸಿ ಹೇಳಬೇಕೇ ಎಂದುಕೊಂಡ. ಗಿರಾಕಿಗೆ ಗಂಟೆಗಟ್ಟಲೆ ಹೇಳುವವನು ಮನೆಯವರಿಗೆ ಒಂದು ಮಾತು ಹೇಳಲಿಲ್ಲ.

ಹೆಣ್ಣೇ ಹುಟ್ಟಿತು. ಆಸ್ಪತ್ರೆಯಿಂದ ಮಗಳು ನೇರ ಅಪ್ಪನ ಮನೆಗೇ ಬಂದಳು. ಅಳಿಯ ಬಸ್ ಡ್ರೈವರ್. ಹೆಂಡತಿಯ ಮಾತಿಗೆ ಎದುರಾಡುವವನಲ್ಲ, ಸ್ಟೇರಿಂಗ್ ಬಿಟ್ಟರೆ ಬೇರೇನನ್ನೂ ತಿರುಗಿಸುವ ಉಸಾಬರಿ ಅವನಿಗೆ ಬೇಡ.

ಮಗಳು ಮಗುವಿನ ಅಂಗಾಲು ಒರೆಸುತ್ತಾ, “ಅಪ್ಪಾ, ಡಾಫ್ನೆ ಅಂತ ಇಡ್ತಿದೀವಿ,” ಎಂದಳು.

ಬೋರ್ಡಣ್ಣ ಮೊದಲು, ಅದು ಹಳಸಿದ ಹೆಸರು, ಸಂತೆಯಲ್ಲಿ ಸಿಗುವಷ್ಟು ಅಗ್ಗವಾಗಿದೆ ಎಂದು ಮೂಗು ಮುರಿದ. ಅಷ್ಟು ಜನ ಇಟ್ಟಿದ್ದಾರೆ ಎಂದರೆ ಒಳ್ಳೆಯದೇ ಇರಬೇಕು ಎಂದು ಮಗಳು ನಕ್ಕಳು. ಅದು, ಹೆಸರು ಹಳೆಯದಾಯಿತು ಎಂದ ಗಿರಾಕಿಗಳಿಗೆ ಅವನೇ ಒಪ್ಪಿಸುತ್ತಿದ್ದ ಪಾಠ. ಒಪ್ಪದೆ ಬೇರೆ ದಾರಿಯಿರಲಿಲ್ಲ. ಆಮೇಲೆ ಸ್ಟೂಲು ಹತ್ತಿರಕ್ಕೆಳೆದುಕೊಂಡು, ಇಷ್ಟು ವರ್ಷ ಮಡಚಿಟ್ಟಿದ್ದನ್ನು ಬಿಚ್ಚಲು ಹೊರಟ.

“ನೋಡು ಪುಟ್ಟಿ, ಆ ಕತೆ ನಾನು ಹೇಳೋಷ್ಟೇ ಅಲ್ಲ. ಆ ಹುಡುಗೀನ ಒಬ್ಬ ಬೆನ್ನಟ್ಟಿಕೊಂಡು ಬರ್ತಾನೆ. ಇವಳು ಓಡ್ತಾಳೆ, ಓಡ್ತಾಳೆ...”

“ಅಪ್ಪಾ, ಇದು ಅಮ್ಮ ಆರಿಸಿದ ಹೆಸರು.”

ಮಗಳು ತಲೆಯೆತ್ತದೆ ಹೇಳುತ್ತಾ ಹೋದಳು. ಅಮ್ಮ ಪಾತ್ರೆ ತೊಳೆಯುತ್ತಾ ಪರದೆಯ ಹಿಂದೆ ನಿಂತು ಅವನು ಗಿರಾಕಿಗಳಿಗೆ ಹೇಳುವುದನ್ನು ದಿನಾ ಕೇಳುತ್ತಿದ್ದಳಂತೆ. ಕಿರೀಟದ ಮಾತು ಬಂದಾಗ ನಲ್ಲಿ ನಿಲ್ಲಿಸುತ್ತಿದ್ದಳಂತೆ. ಕಾಯಿಲೆ ಬಿದ್ದಾಗ ಒಂದು ಮಧ್ಯಾಹ್ನ, ನಿನಗೆ ಹೆಣ್ಣಾದರೆ ಇದನ್ನೇ ಇಡು ಎಂದಿದ್ದಳಂತೆ.

“ನಿಮ್ಮಪ್ಪ ಅಷ್ಟು ಚೆಂದ ಹೇಳೋ ಹೆಸರು ಅದೊಂದೇ ಕಣೇ ಅಂದ್ಲು.”

“ನಿಮ್ಮಮ್ಮಂಗೆ... ಅವಳ ಹೆಸರು ಇಡು ಅಂತ ಅನ್ನಿಸಲಿಲ್ವಾ?”

“ನಾನೇ ಕೇಳ್ದೆ. ನನ್ನ ಹೆಸರು ಯಾರಿಗೆ ಬೇಕು, ಈ ಮನೇಲಿ ಯಾರೂ ಬಳಸಿಲ್ಲ, ಹಾಗೇ ಇದೆ ಅಂದ್ಲು. ತಮಾಷೆಗೆ ಅಂದಿದ್ದು ಬಿಡು, ನಗ್ತಾನೇ ಇದ್ಲು.”

ಬೋರ್ಡಣ್ಣ ನಗಲು ನೋಡಿದ, ಆಗಲಿಲ್ಲ. ಬೀದಿಗೆಲ್ಲ ಮಾರಿದ್ದೇನೆ ಎಂದುಕೊಂಡಿದ್ದ. ಮೊದಲ ಗಿರಾಕಿ ಪರದೆಯ ಹಿಂದೆಯೇ ಇದ್ದಳು, ಅವಳು ಕೊಂಡದ್ದೂ ಅರ್ಧ ಕತೆಯನ್ನೇ. ಈಗ ಪೂರ್ತಿ ಹೇಳಿದರೆ, ಹೋದವಳು ಇಷ್ಟಪಟ್ಟು ಇಟ್ಟುಕೊಂಡಿದ್ದನ್ನು ಅವಳ ಕೈಯಿಂದಲೇ ಕಸಿದಂತೆ. ಹೇಳದಿದ್ದರೆ ಅವಳ ಹೆಸರು ಎಲ್ಲಿತ್ತೋ ಅಲ್ಲೇ. ಯಾವ ಕಡೆಗೆ ಉಳಿ ಹಿಡಿದರೂ ಹಲಗೆ ಸೀಳುತ್ತಿತ್ತು.

“ಓಡ್ತಾಳೆ ಅಂದ್ಯಲ್ಲ, ಆಮೇಲೆ?” ಎಂದು ಮಗಳು ಕೇಳಿದಳು.

“ಆಮೇಲೇನಿಲ್ಲ, ಮನೆಗೆ ಬರ್ತಾಳೆ,” ಎಂದು ಎದ್ದುಬಿಟ್ಟ.

ಅಳಿಯನಿಗೆ ಹಗಲು ಪಾಳಿ. ಹಾಗಾಗಿ ಮಗುವಿನ ಹೆಸರು ನೋಂದಾಯಿಸಲು ಆಸ್ಪತ್ರೆಯ ಚೀಟಿ ಹಿಡಿದು ಬೋರ್ಡಣ್ಣನೇ ಹೋಗಬೇಕಾಯಿತು. ಕಚೇರಿಯಲ್ಲಿ ಗಾಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು, ಇವನ ಹಿಂದೆ ಸಾಲು ಬಾಗಿಲ ತನಕ ಇತ್ತು. ಅವಳು ತಾಯಿಯ ಹೆಸರು ಬರೆದುಕೊಂಡಳು, ತಂದೆಯ ಹೆಸರು ಬರೆದುಕೊಂಡಳು.

“ಮಗು ಹೆಸರೇನು ತಾತ?”

ಮಗಳು ಇಲ್ಲಿಲ್ಲ. ಅಳಿಯ ಎಲ್ಲೋ ರಸ್ತೆಯ ಮೇಲಿದ್ದಾನೆ. ಏನು ಹೇಳಿದರೂ ಅವಳು ಬರೆದುಕೊಳ್ಳುತ್ತಾಳೆ. ಹೆಂಡತಿಯ ಹೆಸರು ಗಂಟಲ ತನಕ ಬಂತು. ಬಂದದ್ದು ಮೊದಲ ಅಕ್ಷರಕ್ಕೇ ತಡವರಿಸಿ ನಿಂತಿತು.

“ಬೇಗ ಹೇಳ್ರೀ,” ಎಂದು ಹಿಂದಿನವನು ಗೊಣಗಿದ.

“ಡಾಫ್ನೆ,” ಎಂದ ಬೋರ್ಡಣ್ಣ.

ಹುಡುಗಿ ಟೈಪು ಮಾಡಿ, ಕಾಗದ ಹೊರಗೆ ತಳ್ಳಿ, ಸರಿಯಾಗಿದೆಯಾ ನೋಡಿಕೊಳ್ಳಿ, ಆಮೇಲೆ ತಿದ್ದೋಕಾಗಲ್ಲ ಎಂದಳು. ಅವನು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ.

“ಸರಿ ಇದೆಯಮ್ಮ,” ಎಂದು ರುಜು ಹಾಕಿದ.